ಊಟದ ಪಾಠವನ್ನು ನಾನು ಚಹಾದಿಂದ ಶುರು ಮಾಡಿದೆ

ರೋಣ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಮುಂಜಾನೆ ಪ್ರಾರ್ಥನೆಯಲ್ಲಿ ವಾರಕ್ಕೊಬ್ಬ ಹುಡುಗಿಯಾದರೂ ತಲೆ ತಿರುಗಿ ಕೂತುಬಿಡುತ್ತಿದ್ದಳು. ಬಿಸಿಲಿಗೆ ಹಾಗಾಗುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಡಿಸೆಂಬರಿನಲ್ಲೂ ಹಾಗೇ ಆದಾಗ ಬಿಸಿಲಿನ ಮಾತು ಬಿಟ್ಟೆವು. ಊಟದಲ್ಲಿ ಕಬ್ಬಿಣದ ಅಂಶ ಸಾಲದೆ ರಕ್ತ ಕಡಿಮೆಯಾಗಿರಬೇಕು ಅನ್ನಿಸಿತು.

ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದೇ. ತರಬೇತಿಯಲ್ಲಿ ಕೊಟ್ಟ ಚಾರ್ಟನ್ನು ಗೋಡೆಗೆ ಅಂಟಿಸಿದೆ. ಸೇಬು, ಖರ್ಜೂರ, ದಾಳಿಂಬೆ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಬೋರ್ಡಿನ ಮೇಲೆ ಬರೆದೆ. ಹುಡುಗಿಯರು ಅದನ್ನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದರು. ಊಟ ಮಾತ್ರ ಇದ್ದಲ್ಲೇ ಇತ್ತು.

ಮರುವರ್ಷ, ನಿನ್ನೆ ಮುಂಜಾನೆಯಿಂದ ರಾತ್ರಿವರೆಗೆ ಏನೇನು ತಿಂದಿರಿ ಬರೀರಿ ಅಂದೆ. ಹಾಲು, ಹಣ್ಣು, ಹಸಿ ತರಕಾರಿ ಅಂತ ಬರೆದುಕೊಟ್ಟರು. ಎಲ್ಲಾ ಸುಳ್ಳು. ಪಾಪ, ಪರೀಕ್ಷೆ ಅಂತ ತಿಳಿದು ಸರಿ ಉತ್ತರ ಬರೆದಿದ್ದರು ಅಷ್ಟೇ. ಮರುದಿನ ನನ್ನ ಊಟವನ್ನೇ ಬೋರ್ಡಿನ ಮೇಲೆ ಬರೆದೆ. ಎದ್ದ ಕೂಡಲೇ ಚಹಾ, ಎರಡು ಟೋಸ್ಟು. ಶಾಲೆಗೆ ಬಂದ ಮೇಲೆ ಚಹಾ. ಮಧ್ಯಾಹ್ನ ಊಟ, ಅದರ ಬೆನ್ನಿಗೇ ಚಹಾ. ಸಂಜೆ ಗಿರ್ಮಿಟ್, ಮಿರ್ಚಿ, ಮತ್ತೆ ಚಹಾ. ಹುಡುಗಿಯರು ಬಿದ್ದು ಬಿದ್ದು ನಕ್ಕರು. "ನೀವೂ ನಮ್ಮಂಗ ಅದೀರಲ್ರೀ ಅಕ್ಕಾರ" ಅಂದಳು ಒಬ್ಬಳು. ಆಮೇಲೆ ನಿಜವಾದ ಪಟ್ಟಿ ಬಂತು. ಮುಂಜಾನೆ ಚಹಾದಲ್ಲಿ ಅದ್ದಿದ ರೊಟ್ಟಿ, ಇಲ್ಲಾಂದ್ರೆ ಬರೀ ಚಹಾ. ದಾರಿಯಲ್ಲಿ ಐದು ರೂಪಾಯಿಯ ಪ್ಯಾಕೆಟ್. ಮಧ್ಯಾಹ್ನ ಬಿಸಿಯೂಟ. ರಾತ್ರಿ ಅನ್ನ, ಸಾರು. ಪಲ್ಯ ಎಲ್ಲಿ ಅಂದರೆ, "ಅಪ್ಪ, ಅಣ್ಣ ಉಂಡ ಮ್ಯಾಲೆ ಉಳಿದ್ರ ಹಾಕ್ಕೋತೀವ್ರಿ."

ಚಾರ್ಟ್ ತೆಗೆದು, ಚಹಾದ ಬೆನ್ನು ಹತ್ತಿದೆ. ಚಹಾ ಬಿಟ್ಟೇಬಿಡಿ ಅಂದದ್ದು ನನ್ನ ತಪ್ಪು. ಒಬ್ಬಳೂ ಬಿಡಲಿಲ್ಲ. ನಾನೇ ಬಿಟ್ಟಿರಲಿಲ್ಲವಲ್ಲ!

ಹತ್ತನೇ ತರಗತಿಯ ಪ್ರಯೋಗಕ್ಕೆ ಬೇಕಾಗುವ ಫೆರಸ್ ಸಲ್ಫೇಟ್ ನಮ್ಮ ಕಪಾಟಿನಲ್ಲಿತ್ತು. ತಿಳಿಹಸಿರು ಹರಳು, ಅದರಲ್ಲಿರುವುದು ಕಬ್ಬಿಣವೇ. ಪ್ರನಾಳದ ನೀರಿನಲ್ಲಿ ಒಂದು ಚೂರು ಕರಗಿಸಿ, ಹಾಲು ಹಾಕದ ಕಡಕ್ ಚಹಾ ಸುರಿದೆ. ನೋಡನೋಡುತ್ತಾ ಶಾಯಿಯಂತೆ ಕಪ್ಪಾಯಿತು. "ಅಯ್ಯ ಶಿವನ!" ಅಂತ ಮುಂದಿನ ಬೆಂಚಿನವಳು ಹಿಂದೆ ಸರಿದಳು. ಚಹಾದ ಒಗರಿದೆಯಲ್ಲ, ಅದು ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ. ಆಮೇಲೆ ಲಿಂಬೆರಸ ಹಿಂಡಿದೆ. ಕಪ್ಪು ಹಾಗೇ ತಿಳಿಯಾಗುತ್ತಾ ಬಂತು. ಹೊಟ್ಟೆ ಅಂದ್ರೆ ಪ್ರನಾಳ ಅಲ್ಲ, ಅದನ್ನೂ ಹೇಳಿದೆ. ಆದರೆ ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಮೈಗೆ ಕಡಿಮೆ ಹತ್ತುತ್ತದೆ, ಲಿಂಬೆ ಹಿಂಡಿಕೊಂಡರೆ ಜಾಸ್ತಿ ಹತ್ತುತ್ತದೆ. ಅದಂತೂ ನಿಜ. ಹಾಗಾಗಿ ನನ್ನ ಬೇಡಿಕೆಯನ್ನು ಸಣ್ಣದು ಮಾಡಿದೆ: ಚಹಾ ಕುಡೀರಿ, ಊಟಕ್ಕೂ ಅದಕ್ಕೂ ಒಂದು ತಾಸು ಅಂತರ ಇರಲಿ. ರೊಟ್ಟಿ ಚಹಾದಲ್ಲಿ ಬೇಡ, ಶೇಂಗಾ ಚಟ್ನಿ ಜೊತೆ ತಿನ್ನಿ. ಇದನ್ನು ಬಹಳ ಜನ ಮಾಡಿದರು. ದುಡ್ಡೇನೂ ಖರ್ಚಾಗುವುದಿಲ್ಲ ನೋಡಿ.

ರಕ್ತ ಹೆಚ್ಚಲಿ ಅಂತ ಶಾಲೆಯಲ್ಲಿ ಕೊಡುವ ಸೋಮವಾರದ ನೀಲಿ ಮಾತ್ರೆಯದು ಬೇರೆ ಕಥೆ. ವಾರಕ್ಕೊಂದು, 60 ಮಿಲಿಗ್ರಾಂ ಕಬ್ಬಿಣದ್ದು. ಎದುರಿಗೆ ಬಾಯಿಗೆ ಹಾಕಿಕೊಂಡು ಆಮೇಲೆ ಉಗುಳುತ್ತಿದ್ದರು. ಕೆಲವರ ಕಿಸೆಯಲ್ಲಿ ನೀಲಿ ಕಲೆ ಕಂಡಾಗ ನನಗೆ ಗೊತ್ತಾಯಿತು. ಮಲ ಕಪ್ಪಾಗುತ್ತದೆ, ಏನೂ ಆಗಲ್ಲ, ಊಟ ಆದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ ಅಂತ ಮೊದಲೇ ಹೇಳಬೇಕಿತ್ತು. ಹೇಳಿದ ಮೇಲೆ ಕಿಸೆಗಳು ಬೆಳ್ಳಗಾದವು.

ತಾಯಂದಿರ ಸಭೆಯಲ್ಲಿ ಕಲಿತದ್ದು ನಾನು. ನಮ್ಮ ಎರಿ ಹೊಲದಲ್ಲಿ ಮುಂಗಾರಿಗೆ ಹೆಸರೇ ಹೆಚ್ಚು. ಹೆಸರುಕಾಳು ಕೊಡಿ ಅಂದೆ. "ಎಲ್ಲಾ ಅಡತಿಗೆ ಹೋಗೇತ್ರೀ, ಸಾಲ ಇತ್ತು" ಅಂದರು ಒಬ್ಬ ತಾಯಿ. ಬೆಳೆಯುವ ಮನೆಯಲ್ಲೇ ಕಾಳಿಲ್ಲ! ಆ ವರ್ಷ ಏನೂ ಆಗಲಿಲ್ಲ. ಮುಂದಿನ ವರ್ಷ ರಾಶಿಗೆ ಮೊದಲೇ, ಆಗಸ್ಟಿನಲ್ಲಿ ಸಭೆ ಕರೆದು, ಮಗಳ ಹೆಸರಿನಲ್ಲಿ ಒಂದು ಡಬ್ಬಿ ತೆಗೆದಿಡಿ ಅಂದೆ. ಕೆಲವರು ಇಟ್ಟರು. ಮೊಳಕೆ ಬರಿಸಿ, ಉಳ್ಳಾಗಡ್ಡಿ ಹೆಚ್ಚಿ, ಲಿಂಬೆ ಹಿಂಡಿದ ಉಸುಳಿ ಡಬ್ಬಿಯಲ್ಲಿ ಬರತೊಡಗಿತು.

ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ ರಕ್ತ ಕಡಿಮೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನಮ್ಮಲ್ಲೂ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12 ಗ್ರಾಂ ಕೆಳಗೆ ಇದ್ದ ಕೆಲವರು ಮೇಲೆ ಬಂದರು, ಕೆಲವರು ಬರಲಿಲ್ಲ. ಬರದವರಲ್ಲಿ ಇಬ್ಬರಿಗೆ ಮುಟ್ಟಿನಲ್ಲಿ ರಕ್ತ ವಿಪರೀತ ಹೋಗುತ್ತಿತ್ತು. ಅದಕ್ಕೆ ಲಿಂಬೆಹಣ್ಣು ಸಾಲದು. ಡಾಕ್ಟರ ಹತ್ತಿರ ಕಳಿಸಿದೆ.

ಪಲ್ಯದ ಪ್ರಶ್ನೆಯೊಂದು ಉಳಿದಿದೆ. ಕೊನೆಗೆ ಉಣ್ಣುವವಳಿಗೆ ಏನು ಪಾಠ ಹೇಳಲಿ? ಅದನ್ನು ಅಪ್ಪಂದಿರಿಗೇ ಹೇಳಬೇಕು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಗಂಡಸರು ಊರಲ್ಲೇ ಇರುತ್ತಾರೆ. ಹಾಗಾಗಿ ಈ ಸಲ ಸಭೆಯನ್ನು ಸೋಮವಾರಕ್ಕೆ ಇಟ್ಟೆ. ಏಳು ಜನ ಬಂದರು, ಬಾಗಿಲ ಹತ್ತಿರವೇ ಕೂತರು.