ರಾಗಿ ಹಿಟ್ಟಿನಲ್ಲಿ ಹರಿದ ನಾಲೆ ನೀರು: ನನ್ನ ಅನುಭವ

ಅನಿಮೇಷನ್ ಕೋರ್ಸಿನ ನನ್ನ ಪ್ರಾಜೆಕ್ಟ್ ಸಿನಿಮಾವನ್ನು ಪರೀಕ್ಷಕರು ನೋಡಿ ಅಳೆಯುವ ಜ್ಯೂರಿ ಮುಗಿದು ಎರಡು ವಾರವಾಯಿತು, ಈಗ ಸಮಾಧಾನವಾಗಿ ಬರೆಯಬಹುದು. ರಾಗಿ ಹಿಟ್ಟಿನಲ್ಲಿ ಅನಿಮೇಷನ್ ಆಗುವುದಿಲ್ಲ ಎಂದವರು ನನಗೆ ನೆನಪಿರುವಂತೆ ಆರು ಜನ. ಗೈಡ್ ಸರ್ ಕೂಡ ಅವರಲ್ಲಿ ಒಬ್ಬರು. 'ನೋಡಪ್ಪಾ, ನಿನ್ನ ಹತ್ರ ಇರೋದು ನಾಲ್ಕು ತಿಂಗಳು. ಕಂಪ್ಯೂಟರಲ್ಲಿ ಬ್ಲೆಂಡರ್ ಸಾಫ್ಟ್‌ವೇರ್ ಹಾಕ್ಕೊಂಡು ಮಾಡಿ ಮುಗಿಸು. ಹಿಟ್ಟು ಗಿಟ್ಟು ಎಲ್ಲ ಆಮೇಲೆ' ಅಂದಿದ್ದರು. ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಆದರೆ ಎರಡು ನಿಮಿಷ ನಲವತ್ತು ಸೆಕೆಂಡಿನ ಸಿನಿಮಾ ಪೂರ್ತಿ ಹಿಟ್ಟಿನಲ್ಲೇ ಆಯಿತು. ನಮ್ಮ ಬ್ಯಾಚಿನಲ್ಲಿ ಜ್ಯೂರಿಯವರು ಎರಡನೇ ಸಲ ಹಾಕಿಸಿಕೊಂಡು ನೋಡಿದ್ದು ಇದೊಂದನ್ನೇ.

ಗಾಜಿನ ಮೇಲೆ ಮರಳು ಹರಡಿ, ಕೆಳಗಿಂದ ಬೆಳಕು ಬಿಟ್ಟು, ಮೇಲಿಂದ ಒಂದೊಂದೇ ಫ್ರೇಮ್, ಅಂದರೆ ಒಂದೊಂದೇ ಫೋಟೊ, ತೆಗೆಯುವ ಪದ್ಧತಿಯೊಂದಿದೆ. ಪ್ರತಿ ಫೋಟೊಗೂ ಮರಳನ್ನು ಚೂರು ಚೂರು ಸರಿಸುತ್ತಾ ಹೋದರೆ, ಸಾಲಾಗಿ ಓಡಿಸಿದಾಗ ಚಿತ್ರ ಚಲಿಸುತ್ತದೆ. ನಾನು ಮರಳು ಬಿಟ್ಟು ರಾಗಿಗೆ ಬಂದದ್ದು ಬಣ್ಣಕ್ಕಾಗಿ. ನಮ್ಮ ಕಡೆ ಈಗ ಸುಲಭವಾಗಿ ಸಿಗುವುದು ಕಲ್ಲು ಪುಡಿಮಾಡಿ ತೆಗೆದ ಎಂ-ಸ್ಯಾಂಡ್. ಅದು ಬೂದು ಬಣ್ಣ, ಬೆಳಕಿಗೆ ಹಿಡಿದರೆ ಬರೀ ಕಪ್ಪು ಚುಕ್ಕಿ. ರಾಗಿ ಹಿಟ್ಟು ತೆಳ್ಳಗೆ ಹರಡಿದರೆ ಕೆಂಗಂದು, ಇನ್ನೊಂದು ಪದರ ಬಿದ್ದರೆ ಗಾಢ ಕಂದು, ಬೆರಳುದ್ದಗಲ ಗುಡ್ಡೆ ಮಾಡಿದರೆ ರಾತ್ರಿಯಂಥ ಕಪ್ಪು. ನನ್ನ ಕಥೆ ನಡೆಯುವುದೂ ರಾತ್ರಿಯಲ್ಲೇ. ಮಳವಳ್ಳಿ ಕಡೆಯ ನಾಲೆಯ ಕೊನೆ ಭಾಗದಲ್ಲಿ ನೀರು ಬಿಡುವ ಒಬ್ಬ ಸೌಡಿ, ಕೈಯಲ್ಲಿ ಲಾಟೀನು, ಹೆಗಲ ಮೇಲೆ ಸನಿಕೆ. ನಮ್ಮಜ್ಜ ಅದೇ ಕೆಲಸ ಮಾಡಿದವರು. ಕನ್ನಂಬಾಡಿ ಅಣೆಕಟ್ಟೆ ಪೂರ್ತಿ 124.80 ಅಡಿ ತುಂಬಿದರೂ ಕೊನೆ ಭಾಗದ ಗದ್ದೆಗೆ ನೀರು ಮುಟ್ಟುವುದು ಎಷ್ಟು ಕಷ್ಟ ಎಂದು ಊಟಕ್ಕೆ ಕೂತಾಗಲೆಲ್ಲ ಕೇಳಿಕೊಂಡೇ ಬೆಳೆದವನು ನಾನು.

ಮೊದಲ ಸೋಲು ಹಿಟ್ಟಿನದೇ. ಸಂಕ್ರಾಂತಿ ಮುಗಿಸಿ ಊರಿಂದ ಐದು ಕೆಜಿ ಹಿಟ್ಟು ತಂದಿದ್ದೆ, ಮುದ್ದೆಗೆ ಬೀಸಿಸಿದ ನುಣ್ಣನೆಯ ಹಿಟ್ಟು. ಅದು ಗಾಜಿಗೆ ಅಂಟಿಕೊಂಡಿತು. ಬ್ರಷ್‌ನಲ್ಲಿ ಸರಿಸಿದರೆ ಹಿಂದೆ ಒಂದು ಮಬ್ಬು ಗೆರೆ ಉಳಿಯುತ್ತಿತ್ತು, ಹತ್ತು ಫ್ರೇಮ್ ಆಗುವಷ್ಟರಲ್ಲಿ ಇಡೀ ಗಾಜು ಮಂಜು ಕವಿದ ಹಾಗೆ. ಒದ್ದೆ ಬಟ್ಟೆಯಲ್ಲಿ ಒರೆಸೋಣವೆಂದರೆ ಚಿತ್ರವೇ ಹೋಗುತ್ತದೆ. ಎರಡು ವಾರ ಹೀಗೇ ಕಳೆದುಹೋಯಿತು. ಕಡೆಗೆ ಮೈಸೂರಿನ ಸರಸ್ವತಿಪುರಂ ಹತ್ತಿರದ ಒಂದು ಗಿರಣಿಯಲ್ಲಿ ತರಿತರಿಯಾಗಿ ಬೀಸಿಸಿದೆ. ಗಿರಣಿಯವರು 'ಮುದ್ದೆ ಗಂಟು ಬೀಳುತ್ತೆ ಕಣಪ್ಪಾ' ಎಂದು ಎರಡು ಸಲ ಎಚ್ಚರಿಸಿದರು. ಮನೆಗೆ ತಂದು ಜರಡಿ ಹಿಡಿದು, ಕೆಳಗೆ ಬಿದ್ದ ನುಣ್ಣನೆಯದನ್ನು ಅಡುಗೆಗೆ ಕೊಟ್ಟು, ಮೇಲೆ ಉಳಿದ ತರಿಯನ್ನು ಮಾತ್ರ ಇಟ್ಟುಕೊಂಡೆ. ಆ ತರಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ತೇವ ಹೋಗಿ ಕಾಳು ಕಾಳಾಗಿ ಜಾರುತ್ತದೆ. ಎಷ್ಟು ಹೊತ್ತು ಎಂದು ಕೇಳಬೇಡಿ, ಘಮ ಬಂದ ತಕ್ಷಣ ಇಳಿಸಬೇಕು. ಅದರ ಜೊತೆ ಇನ್ನೊಂದು ಪುಡಿ ಚೂರು ಬೆರೆಸಿದ್ದೇನೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ, ಮುಂದಿನ ಸಿನಿಮಾಕ್ಕೂ ಅದೇ ನನ್ನ ಆಸ್ತಿ.

ಎರಡನೆಯದು ಅಲುಗಾಟ. ನಮ್ಮ ರೂಮು ಮೊದಲ ಮಹಡಿಯಲ್ಲಿ, ಎದುರಿಗೇ ಬಸ್ ಹೋಗುವ ರಸ್ತೆ. ಟೇಬಲ್ ಒಂದು ಕಡೆ, ಟ್ರೈಪಾಡ್ ಇನ್ನೊಂದು ಕಡೆ ಇಟ್ಟಿದ್ದು ನನ್ನ ತಪ್ಪು. ಬಸ್ ಹೋದಾಗಲೆಲ್ಲ ಎರಡೂ ಬೇರೆಬೇರೆಯಾಗಿ ನಡುಗಿ, ಪ್ಲೇ ಮಾಡಿದರೆ ಚಿತ್ರ ಜ್ವರ ಬಂದವರಂತೆ ಅದುರುತ್ತಿತ್ತು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಆಂಗಲ್‌ನಲ್ಲಿ ಒಂದೇ ಚೌಕಟ್ಟು ಮಾಡಿಸಿದೆ. ಗಾಜೂ ಅದರ ಮೇಲೇ, ಕ್ಯಾಮೆರಾದ ತೋಳೂ ಅದಕ್ಕೇ ಬೋಲ್ಟ್. ನಡುಗಿದರೆ ಎರಡೂ ಒಟ್ಟಿಗೇ ನಡುಗುತ್ತವೆ, ಫ್ರೇಮಿನಲ್ಲಿ ಏನೂ ಕಾಣುವುದಿಲ್ಲ. ನಾಲ್ಕು ಕಾಲುಗಳ ಕೆಳಗೆ ಮರಳು ತುಂಬಿದ ಡಬ್ಬ, ಅದರ ಕೆಳಗೆ ಮಡಿಸಿದ ಸೈಕಲ್ ಟ್ಯೂಬು. ಸುಮಾರು 1,900 ರೂಪಾಯಿ ಆಯಿತು. ಇಡೀ ಪ್ರಾಜೆಕ್ಟಿನಲ್ಲಿ ಸಾರ್ಥಕವಾದ ಖರ್ಚು ಯಾವುದು ಎಂದರೆ ನಾನು ಇದನ್ನೇ ತೋರಿಸುತ್ತೇನೆ.

ಬೆಳಕಿನ ಕಥೆ ಇದಕ್ಕಿಂತ ಉದ್ದ. ಮೊದಲು ಸೀಲಿಂಗಿಗೆ ಹಾಕುವ 18 ವ್ಯಾಟಿನ ಎರಡು ಎಲ್‌ಇಡಿ ಪ್ಯಾನೆಲ್ ತಂದೆ, ಜೋಡಿಗೆ 900. ಒಂದೊಂದು ಫ್ರೇಮ್ ಒಂದೊಂದು ಬೆಳಕು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಪ್ಯಾನೆಲ್ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಆ ಲೆಕ್ಕ ಗೊತ್ತಿದ್ದೇ, ಪ್ರತಿ ಫ್ರೇಮಿನಲ್ಲೂ ಹಲವು ಮಿಡಿತ ಸೇರಿ ಬೆಳಕು ಸಮವಾಗಲಿ ಎಂದು, ಕ್ಯಾಮೆರಾದ ಶಟರ್ ಕಾಲು ಸೆಕೆಂಡು ತೆರೆದಿರುವಂತೆ ಮಾಡಿದೆ. ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ. ಆಮೇಲೆ ತಿಳಿಯಿತು, ಮನೆಯ ಓನರ್ ಆಂಟಿ ಸಂಪಿನ ಮೋಟಾರು ಹಾಕಿದಾಗೆಲ್ಲ ವೋಲ್ಟೇಜ್ ಕುಸಿದು ಪ್ಯಾನೆಲ್ ಮಂಕಾಗುತ್ತಿತ್ತು. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಸರಿಮಾಡೋಣವೆಂದರೆ ಉಚಿತ ಆವೃತ್ತಿಯಲ್ಲಿ ಮಿಣುಕು ತೆಗೆಯುವ ಡಿಫ್ಲಿಕರ್ ಇಲ್ಲ. ಕಡೆಗೆ ಮನೆ ಕರೆಂಟಿನ ಸಹವಾಸವನ್ನೇ ಬಿಟ್ಟೆ. ಸೆಕೆಂಡ್ ಹ್ಯಾಂಡ್ ಕಾರ್ ಬ್ಯಾಟರಿ 1,500ಕ್ಕೆ, 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ 400ಕ್ಕೆ. ಬ್ಯಾಟರಿ ಇಳಿಯುತ್ತಾ ಹೋದಂತೆ ಬೆಳಕೂ ಮೆಲ್ಲಗೆ ಇಳಿಯುತ್ತದೆ, ಅದು ಇನ್ನೂ ಮೋಸ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ನಡುವೆ ವೋಲ್ಟೇಜ್ ಇಳಿಸಿ ಒಂದೇ ಮಟ್ಟದಲ್ಲಿಡುವ ಒಂದು ಸ್ಟೆಪ್‌ಡೌನ್ ಮಾಡ್ಯೂಲ್ ಹಾಕಿ 10 ವೋಲ್ಟಿಗೆ ಕಟ್ಟಿಹಾಕಿದೆ. ಅದರ ಬೆಲೆ ನೂರೈವತ್ತು ರೂಪಾಯಿ ಇರಬೇಕು. ಸ್ಟ್ರಿಪ್ ಕೊಂಚ ಮಂಕು, ಆದರೆ ರಾತ್ರಿಯಿಡೀ ಒಂದೇ ಸಮ. ಅಲ್ಲಿಂದ ಮುಂದೆ ಕರೆಂಟು ಹೋದರೂ ನನಗೆ ಚಿಂತೆಯಿಲ್ಲ.

ಅಷ್ಟಾದರೂ ಒಂದು ಸಣ್ಣ ಮಿಣುಕು ಉಳಿದಿತ್ತು. ಅದು ಲೆನ್ಸಿನದು. ಆಟೊ ಲೆನ್ಸಿನಲ್ಲಿ ಬೆಳಕು ಒಳಬಿಡುವ ಕಿಂಡಿ, ಅಂದರೆ ಅಪರ್ಚರ್, ಪ್ರತಿ ಕ್ಲಿಕ್ಕಿಗೂ ಮುಚ್ಚಿ ತೆರೆಯುವಾಗ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗುತ್ತದೆ. ಮಂಡ್ಯದಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಹಳೇ ಸ್ಟುಡಿಯೊದಿಂದ ಫಿಲಂ ಕ್ಯಾಮೆರಾದ 50 ಎಂಎಂ ಮ್ಯಾನ್ಯುಯಲ್ ಲೆನ್ಸ್ ತಂದೆ, ಅಡಾಪ್ಟರ್ ಸೇರಿ ಹೆಚ್ಚುಕಮ್ಮಿ ನಾಲ್ಕು ಸಾವಿರ. ಅದರ ಅಪರ್ಚರ್ ರಿಂಗ್ ತಿರುಗಿಸಿ, ಅಲ್ಲೇ ಟೇಪ್ ಸುತ್ತಿಬಿಟ್ಟೆ. ಮಿಣುಕು ಹೋಯಿತು.

ಅಪ್ಪ ಕೊಟ್ಟಿದ್ದು ಎಂಟು ಸಾವಿರ. ಖರ್ಚಾಗಿದ್ದು ಹನ್ನೆರಡು ಸಾವಿರದ ಮೇಲೆ. ಉಳಿದದ್ದಕ್ಕೆ ಎರಡು ಮದುವೆಗೆ ಕ್ಯಾಮೆರಾ ಅಸಿಸ್ಟೆಂಟ್ ಆಗಿ ಹೋದೆ, ದಿನಕ್ಕೆ ಎರಡು ಸಾವಿರ. ಇಂಥ ಅನಿಮೇಷನ್ನಿಗೆಂದೇ ಇರುವ ಡ್ರ್ಯಾಗನ್‌ಫ್ರೇಮ್ ಸಾಫ್ಟ್‌ವೇರ್ ಕೊಳ್ಳುವ ಮಾತೇ ಇರಲಿಲ್ಲ. ಡಿಜಿಕ್ಯಾಮ್‌ಕಂಟ್ರೋಲ್ ಉಚಿತ, ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಕಟ್ಟಿ ಮುಟ್ಟದೆ ಕ್ಲಿಕ್ ಮಾಡಲು ಅಷ್ಟು ಸಾಕು.

ಸೆಕೆಂಡಿಗೆ 12 ಚಿತ್ರದ ಲೆಕ್ಕದಲ್ಲಿ ನನಗೆ ಬೇಕಿದ್ದದ್ದು 1,920 ಫ್ರೇಮ್. ತೆಗೆದದ್ದು ಸುಮಾರು 2,600. ರಾತ್ರಿ ಒಂಬತ್ತಕ್ಕೆ ಕೂತರೆ ಮೂರು ಗಂಟೆಯವರೆಗೆ, ದಿನಕ್ಕೆ ಅರವತ್ತು ಫ್ರೇಮ್, ಅಂದರೆ ಐದು ಸೆಕೆಂಡು. ಹೀಗೆ ನಲವತ್ತೈದು ರಾತ್ರಿ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ, ಮೂಗಿಗೆ ಮಾಸ್ಕ್. ಒಂದು ಸೀನು ಬಂದರೆ ಇಡೀ ಊರು ಹಾರಿಹೋಗುತ್ತದೆ. ಮೈಮೇಲೆ ಯಾವಾಗಲೂ ಕಪ್ಪು ಅಂಗಿಯೇ, ಬಿಳಿ ಹಾಕಿದರೆ ಅದರ ಬೆಳಕು ಗಾಜಿಗೆ ಹೊಡೆಯುತ್ತದೆ. ಉಪಕರಣ ಎಂದರೆ ಟೀ ಸೋಸುವ ಜರಡಿ, ಎರಡು ಬ್ರಷ್, ಕಿವಿ ಕಡ್ಡಿ, ಹಳೇ ಎಟಿಎಂ ಕಾರ್ಡು ಮತ್ತು ಉಂಗುರ ಬೆರಳು. ಸೌಡಿಯ ಮುಖವೆಲ್ಲ ಉಂಗುರ ಬೆರಳಿನ ತುದಿಯದು. ಆ ಬೆರಳಿಗೆ ಬಲ ಕಮ್ಮಿ, ಅದಕ್ಕೇ ಹಿಟ್ಟನ್ನು ಅದು ಮೃದುವಾಗಿ ಸರಿಸುತ್ತದೆ.

ಈ ಪದ್ಧತಿಯಲ್ಲಿ ಹಿಂದಕ್ಕೆ ಹೋಗುವ ದಾರಿಯಿಲ್ಲ. ಏಳುನೂರನೇ ಫ್ರೇಮಿನ ಆಸುಪಾಸು, ಒಂದು ರಾತ್ರಿ ಟೀ ಕುಡಿದು ಬರುವಷ್ಟರಲ್ಲಿ ಬೆಳಕಿನ ಹುಳ ಹಿಡಿಯಲು ಬಂದ ಹಲ್ಲಿ ನನ್ನ ಆಕಾಶದ ಉದ್ದಕ್ಕೂ ನಡೆದುಹೋಗಿತ್ತು. ಬಾಲ ಎಳೆದ ಗೆರೆ, ಎರಡೂ ಪಕ್ಕ ಸಣ್ಣ ಸಣ್ಣ ಪಾದ. ಹಿಂದಿನ ಫ್ರೇಮಿಗೆ ಸರಿಯಾಗಿ ಆಕಾಶವನ್ನು ಮತ್ತೆ ಕೂರಿಸಲು ಎರಡು ಗಂಟೆ ಹೆಣಗಿದೆ, ಆಗಲಿಲ್ಲ. ಆಮೇಲೆ ಜರಡಿ ತೆಗೆದುಕೊಂಡು, ಮೂಲೆಯಿಂದ ಶುರುಮಾಡಿ ಇಪ್ಪತ್ತು ಫ್ರೇಮಿನಲ್ಲಿ ಒಂದು ಕರಿಮೋಡ ತಂದು ಆ ಹೆಜ್ಜೆಗಳ ಮೇಲೆ ಕವಿಸಿದೆ. ಸ್ಟೋರಿಬೋರ್ಡಿನಲ್ಲಿ ಆ ಮೋಡ ಇರಲಿಲ್ಲ. ಗೈಡ್ ಸರ್ ರಫ್ ಕಟ್ ನೋಡಿದಾಗ ಮೊದಲು ಮೆಚ್ಚಿದ್ದು ಅದನ್ನೇ. ಹಲ್ಲಿಯ ವಿಷಯ ಅವರಿಗೆ ಇವತ್ತಿಗೂ ಹೇಳಿಲ್ಲ.

ನಡುವೆ ಬೇರೆ ಪುಡಿಗಳನ್ನೂ ನೋಡಿದೆ. ರಂಗೋಲಿ ಪುಡಿ ಚೆನ್ನಾಗಿ ಜಾರುತ್ತದೆ, ಆದರೆ ಗಾಜಿಗೆ ಗೀರು ಬೀಳಿಸುತ್ತದೆ. ನನ್ನ ಮೊದಲ ಗಾಜು ಹಾಳಾಗಿದ್ದು ಹಾಗೇ. ಕಾಫಿ ಪುಡಿಯ ಕಂದು ರಾಗಿಗಿಂತ ಚೆಂದ. ಚಿಕೋರಿ ಇದ್ದರೆ ಒಂದೇ ಗಂಟೆಯಲ್ಲಿ ತೇವ ಎಳೆದುಕೊಂಡು ಅಂಟುತ್ತದೆ, ಚಿಕೋರಿ ಇಲ್ಲದ್ದು ನನ್ನ ಜೇಬಿಗೆ ಭಾರ. ದೇವರಾಜ ಮಾರ್ಕೆಟ್ಟಿನಿಂದ ಕುಂಕುಮ ತಂದು ಲಾಟೀನಿನ ಸುತ್ತ ಉದುರಿಸಿದೆ, ಬೆರಳೂ ಬ್ರಷ್ಷೂ ಕೆಂಪಾಗಿ ಪಕ್ಕದ ಫ್ರೇಮಿಗೆಲ್ಲ ಹತ್ತಿತು. ಬೆಲ್ಲದ ಪುಡಿಗೆ ಇರುವೆ. ಕೆಲಸಕ್ಕೆ ಬಂದದ್ದು ಒಂದೇ, ಭತ್ತದ ಪೈರಿಗೆ ಜೀರಿಗೆ. ಒಂದೊಂದನ್ನೇ ಇಕ್ಕಳದಲ್ಲಿ ನೆಟ್ಟು ಗಾಳಿಗೆ ಬಾಗಿಸಿದ್ದೇನೆ. ನಾಲ್ಕು ಸೆಕೆಂಡಿನ ಶಾಟು, ಎರಡು ರಾತ್ರಿ ತಿಂದಿತು.

ಇನ್ನು ನೀರು. ಇಡೀ ಸಿನಿಮಾ ನಿಂತಿರುವುದೇ ತೂಬು ತೆರೆದಾಗ ಒಣಗಿದ ಗದ್ದೆಗೆ ನೀರು ಬರುವ ಹದಿನಾಲ್ಕು ಸೆಕೆಂಡಿನ ಮೇಲೆ. ಮೊದಲ ಸಲ ಅದನ್ನು ಮೂರು ರಾತ್ರಿ ಕೂತು ಮಾಡಿದ್ದೆ. ನೀರು ಅಲೆಯಾಗಿ ನುಗ್ಗಿ ಬರುತ್ತದೆ, ಬೆಳಕಿನ ಸೀಳು ಕತ್ತಲನ್ನು ತಳ್ಳಿಕೊಂಡು ಹೋಗುತ್ತದೆ. ನನಗೆ ಬಹಳ ಹೆಮ್ಮೆ ಇತ್ತು. ಯುಗಾದಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಅಜ್ಜನಿಗೆ ತೋರಿಸಿದೆ. ಅಜ್ಜಿ ಮೊದಲು ಬೈದಿತು: 'ಉಣ್ಣೋ ಹಿಟ್ನ ಗಾಜಿನ್ ಮ್ಯಾಲೆ ಚೆಲ್ಲಿದ್ದೀಯಲ್ಲ ಮಗ!' ಕೆಲಸ ಮುಗಿದ ಮೇಲೆ ಒಂದು ಚೂರೂ ಬಿಸಾಡುವುದಿಲ್ಲ, ಹಸುವಿನ ಬೂಸಾಕ್ಕೆ ಬೆರೆಸುತ್ತೇನೆ ಎಂದು ಮಾತು ಕೊಟ್ಟ ಮೇಲೆ ಸುಮ್ಮನಾಯಿತು. ಅಜ್ಜ ಎರಡು ಸಲ ನೋಡಿ ತಲೆಯಾಡಿಸಿದರು.

'ನೀರು ಹಂಗೆ ನುಗ್ಗಾಕಿಲ್ಲ ಕಣ್ಲಾ. ಕಟ್ಟು ಮುಗ್ದು ವಾರ ಆದ್ಮೇಲೆ ಬರೋ ನೀರು ಅದು. ಮೊದ್ಲು ನೆಲ ಕುಡೀತದೆ. ಬಿರುಕಿಗೆ ಇಳೀತದೆ, ಗುಳ್ಳೆ ಬತ್ತದೆ, ಒಣಗಿದ್ ಹುಲ್ಲು ತೇಲ್ತದೆ. ನೀರು ಅಲ್ಲೇ ನಿಂತ್ಕತದೆ. ನೆಲಕ್ ಸಾಕಾಯ್ತು ಅಂದ್ಮೇಲೆ ಮುಂದಕ್ಕೆ ಓಯ್ತದೆ.' ಕಟ್ಟು ಎಂದರೆ ನಾಲೆಗೆ ನೀರು ನಿಲ್ಲಿಸುವ ಸರದಿ.

ಮೈಸೂರಿಗೆ ವಾಪಸ್ ಬಂದವನು ಆ ಹದಿನಾಲ್ಕು ಸೆಕೆಂಡನ್ನು ಪೂರ್ತಿ ತೆಗೆದುಹಾಕಿದೆ. 168 ಫ್ರೇಮು. ಸಬ್ಮಿಷನ್ನಿಗೆ ಮೂರು ವಾರ ಇತ್ತು, ರೂಮ್‌ಮೇಟ್ 'ಯಾರಿಗೆ ಗೊತ್ತಾಗುತ್ತೆ ಮಗಾ' ಅಂದ. ನನಗೆ ಗೊತ್ತಾಗುತ್ತದಲ್ಲ, ಅಜ್ಜನಿಗೂ ಗೊತ್ತಾಗುತ್ತದೆ. ಈ ಸಲ ಮೊದಲು ನೆಲದ ಬಿರುಕುಗಳನ್ನು ಹೇರ್‌ಪಿನ್ನಿನಲ್ಲಿ ಕೊರೆದೆ. ನೀರಿನ ನಾಲಿಗೆ ಒಂದು ಬಿರುಕಿನ ಬಾಯಿಗೆ ಬಂದು ಆರು ಫ್ರೇಮು ಹಾಗೇ ನಿಲ್ಲುತ್ತದೆ. ಬಿರುಕು ಒಳಗಿಂದ ಬೆಳಗುತ್ತಾ ಹೋಗುತ್ತದೆ. ಕಿವಿ ಕಡ್ಡಿಯ ತುದಿಯನ್ನು ಒತ್ತಿ ತಿರುಗಿಸಿದರೆ ಸರಿಯಾಗಿ ಗುಳ್ಳೆಯಷ್ಟೇ ಉರುಟು ಬೆಳಕು. ಮೂರನೇ ಫ್ರೇಮಿಗೆ ಅದು ಒಡೆಯುತ್ತದೆ. ಒಂದು ಜೀರಿಗೆ ತೇಲಿ, ಸುತ್ತಿ, ಬದುವಿಗೆ ತಾಗಿ ನಿಲ್ಲುತ್ತದೆ. ಆಮೇಲೆ ನೀರು ಮುಂದಿನ ಬಿರುಕಿಗೆ ಹೊರಡುತ್ತದೆ. ಅದರ ಮೇಲೆ ಬೆಳದಿಂಗಳು ಮಿನುಗುತ್ತದಲ್ಲ, ಅದಕ್ಕೆ ಗಾಜಿನ ಕೆಳಗೆ ಏನು ಇಟ್ಟಿದ್ದೆ ಎಂದು ಕ್ಲಾಸಿನಲ್ಲಿ ಎಲ್ಲರೂ ಕೇಳಿದರು. ಅದನ್ನೂ ಈಗ ಹೇಳುವುದಿಲ್ಲ. ಅಡುಗೆಮನೆಯಲ್ಲೇ ಸಿಗುವ ವಸ್ತು ಎಂಬಷ್ಟು ಹೇಳಬಲ್ಲೆ.

ಧ್ವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಊರಿನ ನಾಲೆಯ ಪಕ್ಕ ರಾತ್ರಿ ಹನ್ನೊಂದರ ಮೇಲೆ ಫೋನಿನಲ್ಲೇ ಕಪ್ಪೆ, ನೀರು, ಸನಿಕೆಯ ಸದ್ದು ಹಿಡಿದೆ. ದೂರದ ಪಂಪ್‌ಸೆಟ್ಟಿನ ಸದ್ದು ಸೇರಿಕೊಂಡಿತ್ತು, ತೆಗೆಯಲಿಲ್ಲ, ನಮ್ಮೂರ ರಾತ್ರಿ ಇರುವುದೇ ಹಾಗೆ. ಅಜ್ಜ ನೀರಿನ ಬಗ್ಗೆ ಆಡಿದ ಆ ಮಾತನ್ನೇ ಇನ್ನೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿಕೊಂಡೆ. ಸಿನಿಮಾದಲ್ಲಿರುವುದು ಆ ಒಂದೇ ಮಾತು.

ಮೇ ಎರಡನೇ ವಾರದ ಜ್ಯೂರಿಯಲ್ಲಿ ಗೈಡ್ ಸರ್ ನನ್ನ ಪಕ್ಕದಲ್ಲೇ ಕೂತಿದ್ದರು. ನೀರು ಬಿರುಕಿನ ಬಾಯಲ್ಲಿ ನಿಂತಾಗ ಮುಂದಕ್ಕೆ ಬಾಗಿದರು. ಮುಗಿದ ಮೇಲೆ 'ಆ ಚೌಕಟ್ಟು ಮಾರಬೇಡ, ಡಿಪಾರ್ಟ್‌ಮೆಂಟಿಗೆ ಬೇಕು' ಅಂದರು. ಅಷ್ಟು ಹೊತ್ತಿಗೆ ಅದನ್ನು ನಮ್ಮ ಜೂನಿಯರ್ ಒಬ್ಬನಿಗೆ ಕೊಡುವುದಾಗಿ ಒಪ್ಪಿಕೊಂಡಾಗಿತ್ತು, ಬ್ಯಾಟರಿ ಮಾಡ್ಯೂಲ್ ಎಲ್ಲ ಸೇರಿ ಮೂರು ಸಾವಿರಕ್ಕೆ. ಅವನು ಹುರಳಿ ಹಿಟ್ಟಿನಲ್ಲಿ ಮಾಡುತ್ತಾನಂತೆ. ತರಿತರಿಯಾಗಿ ಬೀಸಿಸು, ಫ್ಯಾನಿನ ಸ್ವಿಚ್ಚಿಗೆ ಟೇಪ್ ಹಾಕು, ಹಲ್ಲಿ ನೋಡಿಕೋ ಎಂದು ಹೇಳಿದ್ದೇನೆ. ನನ್ನ ಮೂರು ಕೆಜಿ ತರಿಯನ್ನು ಮಾತ್ರ ಡಬ್ಬದಲ್ಲಿ ಕಟ್ಟಿ ಊರಿಗೆ ಒಯ್ದೆ. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು, ಮೂಸಿ ನೋಡಿ, ಒಂದು ಹಿಡಿ ಬೂಸಾಕ್ಕೆ ಬೆರೆಸಿ ಹಸುವಿನ ಮುಂದೆ ಇಟ್ಟಿತು.