ಗ್ರೂಪಿನಲ್ಲಿ ‘ಇವರೆಲ್ಲ ಹೀಗೇ’ ಅಂತ ಮೆಸೇಜ್ ಬಂದಾಗ

ಎಲ್ಲೋ ಸ್ಫೋಟವೋ ಗಲಭೆಯೋ ಆದರೆ ಸಾಕು, ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ವಿಡಿಯೊ ಬರುತ್ತದೆ. ಕೆಳಗೆ ಮುಸ್ಲಿಮರ ಬಗ್ಗೆ ‘ಇವರೆಲ್ಲ ಹೀಗೇ’ ಅನ್ನುವ ಸಾಲು. ವಿಡಿಯೊ ಪರೀಕ್ಷಿಸುವುದು ಒಂದು ಕೆಲಸ, ಆ ಸಾಲಿಗೆ ಉತ್ತರಿಸುವುದು ಇನ್ನೊಂದು.

ಮೆಸೇಜಿನ ಮೇಲೆ ಜೋಡಿ ಬಾಣವಿದ್ದರೆ ಅದು ಕೈಯಿಂದ ಕೈಗೆ ಹಲವು ಸಲ ದಾಟಿ ಬಂದಿದೆ. ಕಳಿಸಿದವರಿಗೂ ಮೂಲ ಗೊತ್ತಿರುವುದಿಲ್ಲ, ಅವರೊಂದಿಗೆ ಜಗಳ ದಂಡ. ಅಂಗಡಿ ಬೋರ್ಡು, ಪೊಲೀಸ್ ಸಮವಸ್ತ್ರ ಕಾಣುವ ಮೂರ್ನಾಲ್ಕು ಕಡೆ ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಮೇಲೆ ಅಂಟಿಸಿದ ಬರಹ, ಲೋಗೊ ಕತ್ತರಿಸಿಬಿಡಿ. ಇಲ್ಲದಿದ್ದರೆ ಅದೇ ಫಾರ್ವರ್ಡ್‌ಗಳೇ ಮತ್ತೆ ಸಿಗುತ್ತವೆ. ಗಾಡಿ ನಂಬರ್ ಒಂದನ್ನೇ ನಂಬಬೇಡಿ, ಬೆಂಗಳೂರಿನಲ್ಲಿ ಟಿಎನ್, ಎಪಿ ಗಾಡಿಗಳಿಗೇನು ಕಮ್ಮಿ? ಹಳೆಯ ಪ್ರತಿ ಸಿಗಲಿಲ್ಲ ಅಂದಮಾತ್ರಕ್ಕೆ ವಿಡಿಯೊ ನಿಜ ಅಂತಲೂ ಅಲ್ಲ. ಪರೀಕ್ಷಿಸದೆ ನಂಬಿದರೆ ಏನಾಗುತ್ತದೆ ನೋಡಿ: 2012ರ ಆಗಸ್ಟ್‌ನಲ್ಲಿ ರಂಜಾನ್ ಮುಗಿಯುತ್ತಲೇ ದಾಳಿ ಅನ್ನುವ ಎಸ್ಸೆಮ್ಮೆಸ್ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಇಲ್ಲಿಂದ ಗುವಾಹಟಿ ರೈಲು ಹತ್ತಿದ್ದರು.

ವಿಡಿಯೊ ನಿಜವೇ ಆಗಿದ್ದರೆ? ಹೆಸರು ಬಂದವರು ಶಂಕಿತರೋ, ಬಂಧಿತರೋ, ಆರೋಪಪಟ್ಟಿ ಸಲ್ಲಿಕೆಯಾಗಿದೆಯೋ, ಶಿಕ್ಷೆಯಾಗಿದೆಯೋ ನೋಡಿ. ಬೆಂಗಳೂರಿನಲ್ಲಿ ಓದಿದ ವೈದ್ಯ ಮೊಹಮ್ಮದ್ ಹನೀಫ್ ಅವರನ್ನು 2007ರ ಜುಲೈನಲ್ಲಿ ಆಸ್ಟ್ರೇಲಿಯಾದಲ್ಲಿ ಭಯೋತ್ಪಾದನೆ ಪ್ರಕರಣದಲ್ಲಿ ಬಂಧಿಸಿದ್ದು ಸಂಬಂಧಿಕನಿಗೆ ಬಿಟ್ಟುಕೊಟ್ಟ ಸಿಮ್ ಕಾರ್ಡಿನ ಎಳೆ ಹಿಡಿದು. ಅದೇ ತಿಂಗಳು ಆರೋಪ ಕೈಬಿಡಲಾಯಿತು, ಮುಂದೆ ಪರಿಹಾರವೂ ಸಿಕ್ಕಿತು.

ಉತ್ತರಿಸುವಾಗ ‘ಭಯೋತ್ಪಾದಕರಿಗೆ ಧರ್ಮವೇ ಇಲ್ಲ’ ಅನ್ನಬೇಡಿ. ಧರ್ಮದ ಹೆಸರಲ್ಲೇ ಕೊಂದವರಿದ್ದಾರೆ. ಅದನ್ನು ಮುಚ್ಚಿಟ್ಟರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಮಾಡಿದವರು, ದುಡ್ಡು ಕೊಟ್ಟವರು, ಅಡಗಿಸಿಟ್ಟವರು ಹೊಣೆ. ಶಿವಾಜಿನಗರದ ಬಿರಿಯಾನಿ ಅಂಗಡಿಯವರು ‘ಖಂಡಿಸುತ್ತೇನೆ’ ಅಂತ ಹೇಳಲಿ ಅಂತ ಕಾಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. 2020ರ ಆಗಸ್ಟ್ 11ರ ರಾತ್ರಿ ಡಿಜೆ ಹಳ್ಳಿಯಲ್ಲಿ ಬೆಂಕಿ ಹಚ್ಚಿದವರೂ ಇದ್ದರು, ದೇವಸ್ಥಾನದ ಸುತ್ತ ಮಾನವ ಸರಪಳಿ ಕಟ್ಟಿದ ಮುಸ್ಲಿಂ ಹುಡುಗರೂ ಇದ್ದರು. ‘ಇವರೆಲ್ಲ’ ಅಂದರೆ ಇವರಲ್ಲಿ ಯಾರು?

ಗ್ರೂಪಿಗೆ ಇಷ್ಟು ಹಾಕಿದರೆ ಸಾಕು: ‘ಸರ್, ಆರೋಪಿಯ ಮೇಲೆ ಕೇಸ್ ನಡೀಲಿ. ನಮ್ಮ ಬಿ ಬ್ಲಾಕಿನವರಿಗೂ ಇದಕ್ಕೂ ಏನು ಸಂಬಂಧ?’ ಪದೇ ಪದೇ ವಾದಿಸಬೇಡಿ, ಮೂರನೇ ಉತ್ತರಕ್ಕೆ ವಿಷಯ ಬಿಟ್ಟು ನಿಮ್ಮ ಮೇಲೇ ಬರುತ್ತಾರೆ.

ಮನೆ ಬಾಡಿಗೆಗೆ ಕೊಡುವಾಗಲೂ ಇದೇ ನಿಯಮ, ಯಾರೋ ಮಾಡಿದ್ದಕ್ಕೆ ಇಡೀ ಸಮುದಾಯವನ್ನು ಅನುಮಾನಿಸಬೇಡಿ. ಪೊಲೀಸ್ ವೆರಿಫಿಕೇಷನ್ ಮಾಡಿಸುವುದಾದರೆ ಎಲ್ಲ ಬಾಡಿಗೆದಾರರಿಗೂ ಮಾಡಿಸಿ.

‘ಹೊಡೆಯಿರಿ’, ‘ಅಂಗಡಿ ಸುಡಿ’ ಅನ್ನುವ ಮಟ್ಟಕ್ಕೆ ಹೋದರೆ ಮೊದಲು ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆಮೇಲೆ ಅಡ್ಮಿನ್ ಆ ಮೆಸೇಜ್ ಅಳಿಸಲಿ. ಮೊದಲೇ ಅಳಿಸಿದರೆ ಸಾಕ್ಷ್ಯವೂ ಹೋಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 353ನೇ ಸೆಕ್ಷನ್‌ಗಳು ಇಂಥದ್ದಕ್ಕೇ ಇರುವುದು. ದೂರು ಹತ್ತಿರದ ಠಾಣೆಗೆ ಕೊಡಿ. ಜನ ಸೇರುತ್ತಿದ್ದರೆ ತಡ ಮಾಡದೆ 112ಕ್ಕೆ ಕರೆ ಮಾಡಿ.