ಚಾರ್ಜರ್ ಕಿತ್ತರೆ ನಿಂತ ಗುಂಯ್ ಸದ್ದು

ಬಯಲಾಟ ರೆಕಾರ್ಡ್ ಮಾಡೋಣ ಅಂತ ಲ್ಯಾಪ್‌ಟಾಪ್, ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಹೊರಗಿನ ಸದ್ದನ್ನು ಲ್ಯಾಪ್‌ಟಾಪ್‌ಗೆ ಸೇರಿಸುವ ಪೆಟ್ಟಿಗೆ) ಹಿಡಿದು ಹೋಗಿದ್ದೆ. ಮೈಕ್‌ಸೆಟ್‌ನವರ ಮಿಕ್ಸರ್‌ನಿಂದ ಲೈನ್ ತೆಗೆದುಕೊಂಡ ತಕ್ಷಣ ಭಾಗವತರ ಪದದ ಅಡಿಯಲ್ಲಿ ಒಂದೇ ಸಮನೆ ಗುಂಯ್ ಅಂತ ಸದ್ದು. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಊಹೂಂ. ಸುಮ್ನೆ ಚಾರ್ಜರ್ ಕಿತ್ತು ನೋಡಿದರೆ ಪೂರ್ತಿ ನಿಂತಿತು! ಚಾರ್ಜರ್ ಕಡೆಯಿಂದ ಒಂದು ಅರ್ಥಿಂಗ್, ಮಿಕ್ಸರ್ ಕಡೆಯಿಂದ ಇನ್ನೊಂದು, ಎರಡೂ ಕೇಬಲ್ ಮೂಲಕ ಸೇರಿ ಗ್ರೌಂಡ್ ಲೂಪ್, ಅಂದ್ರೆ ಕರೆಂಟಿನ ಗುಂಯ್ ಸದ್ದು ಆಡಿಯೋಗೆ ನುಸುಳುವ ಸುತ್ತು, ಆಗಿತ್ತು. ಬ್ಯಾಟರಿ ಬೆಳಗಿನ ತನಕ ಬರಲ್ಲ ಅಲ್ವಾ, ಹಾಗಾಗಿ ಮೈಕ್‌ಸೆಟ್ ಹುಡುಗನ ಹತ್ತಿರ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ತಂತಿ ನೇರವಾಗಿ ಕೂಡದಂತೆ ಸದ್ದನ್ನಷ್ಟೇ ದಾಟಿಸುವ ಪೆಟ್ಟಿಗೆ) ಕೇಳಿ ಮಿಕ್ಸರ್, ಇಂಟರ್‌ಫೇಸ್ ನಡುವೆ ಹಾಕಿ, ಆಡಿಯೋ ಕೇಬಲ್‌ನ ಗ್ರೌಂಡ್ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ, ಮತ್ತೆ ಚಾರ್ಜರ್ ಹಾಕಿದೆ. ಸದ್ದಿಲ್ಲ. ಆಗಾಗ ಬರುತ್ತಿದ್ದ ಟಿಕ್ ಟಿಕ್ ಬೇರೆಯೇ ಕಾಯಿಲೆ. ವೈಫೈ ಆಫ್ ಮಾಡಿ, ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಆಡಿಯೋ ಸ್ಯಾಂಪಲ್‌ಗಳ ಸಂಖ್ಯೆ) 128ರಿಂದ 1024ಕ್ಕೆ ಏರಿಸಿದ ಮೇಲೆ ಅದೂ ಹೋಯಿತು. ಚೆಂಡೆಯ ಜೋರು ಪೆಟ್ಟಿಗೆ ರೆಕಾರ್ಡಿಂಗ್ ಒಡೆಯಬಾರದು ಅಂತ ಲೆವೆಲ್ ಜಾಸ್ತಿನೇ ತಗ್ಗಿಸಿಟ್ಟಿದ್ದೆ; 24 ಬಿಟ್ ರೆಕಾರ್ಡಿಂಗ್ ಆದ್ದರಿಂದ ತಗ್ಗಿಸಿದರೂ ಸಣ್ಣ ಸದ್ದು ಕೆಡಲ್ಲ.